ಹಾರ್ಮೋನ್ ಏರುಪೇರು ಮತ್ತು ಮನಸ್ಸಿನ ಆರೋಗ್ಯ: ದಿನಾಂಕ ಬರೆದಿಡುವುದರಿಂದ ಚಿಕಿತ್ಸೆಯವರೆಗೆ

ಥೈರಾಯ್ಡ್ ಗ್ರಂಥಿಯ ತೀವ್ರ ಕೊರತೆಯಿಂದ ಮಾನಸಿಕ ರೋಗದ ಲಕ್ಷಣಗಳು ಕಾಣಿಸಿಕೊಂಡಿದ್ದ 14 ಮಂದಿಯ ವಿವರಗಳನ್ನು ಇಂಗ್ಲೆಂಡಿನ ವೈದ್ಯ ರಿಚರ್ಡ್ ಆಶರ್ ಅವರು 1949ರಲ್ಲಿ ಪ್ರಕಟಿಸಿದರು. ಥೈರಾಯ್ಡ್ ಔಷಧ ಕೊಟ್ಟ ಮೇಲೆ ಅವರಲ್ಲಿ ಹೆಚ್ಚಿನವರ ಬುದ್ಧಿ ಸ್ಥಿಮಿತಕ್ಕೆ ಬಂದಿತ್ತು. ಗ್ರಂಥಿಗಳಿಗೂ ಮನಸ್ಸಿಗೂ ನಂಟಿದೆ ಎಂಬುದು ವೈದ್ಯರಿಗೆ ಇಷ್ಟು ಹಿಂದೆಯೇ ತಿಳಿದಿದ್ದರೂ, ಈಗಲೂ ಎರಡು ಬಗೆಯ ತಪ್ಪು ನಡೆಯುತ್ತಲೇ ಇದೆ. ಸುಸ್ತು, ಅಳು, ಸಿಡುಕು ಎಂದು ಹೇಳಿಕೊಂಡವರಿಗೆ ರಕ್ತಪರೀಕ್ಷೆಯನ್ನೂ ಮಾಡಿಸದೆ ‘ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ಕಳುಹಿಸುವುದು ಒಂದು. ವರದಿಯಲ್ಲಿ ಒಂದು ಅಂಕಿ ಚೂರು ಮೇಲೆ ಕಂಡ ಕೂಡಲೇ ಎಲ್ಲ ದುಃಖವನ್ನೂ ಅದರ ತಲೆಗೆ ಕಟ್ಟಿ, ಖಿನ್ನತೆಗೆ ಸಿಗಬೇಕಾದ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವುದು ಇನ್ನೊಂದು.

ಈ ಎರಡರ ನಡುವೆ ದಾರಿ ಕಂಡುಕೊಳ್ಳಲು ದುಬಾರಿ ಪರೀಕ್ಷೆಗಳಿಗಿಂತ ಹೆಚ್ಚು ನೆರವಾಗುವುದು ಕಾಲಕ್ರಮ. ಯಾವುದು ಮೊದಲು ಶುರುವಾಯಿತು, ತಿಂಗಳ ಯಾವ ದಿನಗಳಲ್ಲಿ ಹೆಚ್ಚುತ್ತದೆ, ಯಾವ ಮಾತ್ರೆ ಆರಂಭಿಸಿದ ಎಷ್ಟು ವಾರಕ್ಕೆ ಬದಲಾಯಿತು ಎಂಬುದು ಬರವಣಿಗೆಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಮುಂದಿನ ಹೆಜ್ಜೆಗಳನ್ನು ಇದನ್ನೇ ಗಮನದಲ್ಲಿಟ್ಟುಕೊಂಡು ಜೋಡಿಸಲಾಗಿದೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಸಂದರ್ಭಗಳು

ಸಾಯುವ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದರೆ ಪುಸ್ತಕದಲ್ಲಿ ಬರೆದಿಡುತ್ತ ಕೂರಬಾರದು. ಅದೇ ದಿನ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು ಅಥವಾ ಸಹಾಯವಾಣಿಗೆ ಕರೆ ಮಾಡಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಿಗೆ ನಿದ್ರೆಯೇ ಬಾರದಿದ್ದರೆ, ಇಲ್ಲದ ದನಿಗಳು ಕೇಳಿಸಿದರೆ, ಮಗುವಿನ ಬಗ್ಗೆ ವಿಚಿತ್ರವಾದ ನಂಬಿಕೆಗಳು ಹುಟ್ಟಿಕೊಂಡರೆ ಅದು ತುರ್ತು ಪರಿಸ್ಥಿತಿ. ‘ಬಾಣಂತನದಲ್ಲಿ ಹೀಗೆಲ್ಲ ಆಗುತ್ತದೆ’ ಎಂದು ಮನೆಯವರು ಸುಮ್ಮನಿರುವಂತಿಲ್ಲ. ಹೈಪರ್‌ಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಅತಿಯಾಗಿರುವ ಸ್ಥಿತಿ) ಇರುವವರಿಗೆ ಜ್ವರ, ವಿಪರೀತ ಎದೆಬಡಿತ ಹಾಗೂ ಗೊಂದಲ ಒಟ್ಟಿಗೆ ಬಂದರೂ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡು ಇದ್ದಕ್ಕಿದ್ದಂತೆ ನಿಲ್ಲಿಸಿದವರಿಗೆ ವಾಂತಿ, ತಲೆಸುತ್ತು, ತೀರಾ ನಿಶ್ಶಕ್ತಿ ಕಾಣಿಸಿಕೊಂಡರೂ ಇದೇ ಮಾತು ಅನ್ವಯಿಸುತ್ತದೆ.

ಹೆಜ್ಜೆ 1: ಮನಸ್ಸಿನ ಜೊತೆಗೆ ದೇಹ ಏನು ಹೇಳುತ್ತಿದೆ ಎಂದು ನೋಡಿ

ಬೇಸರವೊಂದೇ ಇದ್ದರೆ ಅದು ಯಾವ ಗ್ರಂಥಿಯಿಂದ ಬಂದದ್ದೆಂದು ಯಾರಿಗೂ ಹೇಳಲಾಗದು. ಬೇಸರದ ಜೊತೆ ದೇಹದ ಯಾವ ಲಕ್ಷಣಗಳು ಬಂದಿವೆ ಎಂಬುದರಿಂದ ಸುಳಿವು ಸಿಗುತ್ತದೆ. ಮನಸ್ಸು ಮಂಕಾಗಿ, ಯೋಚನೆ ನಿಧಾನವಾಗಿ, ಅದರೊಂದಿಗೆ ಬೇರೆಯವರಿಗಿಂತ ಹೆಚ್ಚು ಚಳಿಯಾಗುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ತೂಕ ಏರುವುದು ಇದ್ದರೆ ಥೈರಾಯ್ಡ್ ಕಡಿಮೆಯಾಗಿರುವ ಸಾಧ್ಯತೆಯನ್ನು ಪರೀಕ್ಷಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ಆತಂಕ, ಸಿಡುಕು, ನಿದ್ರಾಹೀನತೆಯ ಜೊತೆ ಎದೆ ಡವಗುಟ್ಟುವುದು, ಚಾಚಿದ ಬೆರಳುಗಳು ಸಣ್ಣಗೆ ನಡುಗುವುದು, ಸೆಖೆ ತಡೆಯಲಾಗದಿರುವುದು, ಹೊಟ್ಟೆತುಂಬ ತಿಂದರೂ ತೂಕ ಇಳಿಯುವುದು ಕಂಡರೆ ಥೈರಾಯ್ಡ್ ಹೆಚ್ಚಾಗಿರಬಹುದು. ಇಂಥವರಿಗೆ ಆತಂಕರೋಗವೆಂದು ಮಾತ್ರ ಹೇಳಿ ಕಳುಹಿಸುವುದು ಅಪರೂಪವೇನಲ್ಲ. ವಿಶ್ರಾಂತಿಯಲ್ಲಿ, ನಿದ್ರೆಯಲ್ಲಿಯೂ ನಾಡಿ ವೇಗವಾಗಿಯೇ ಇರುವುದು ಇಲ್ಲಿ ಗಮನಿಸಬೇಕಾದ ಗುರುತು. ಬರೀ ಆತಂಕವಿದ್ದವರ ನಾಡಿ ನಿದ್ರೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಎಂಬ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆ ವಿರಳವಾದರೂ ಮನಸ್ಸನ್ನು ಬಹಳವಾಗಿ ಕಾಡುವಂಥದ್ದು. ಖಿನ್ನತೆಯ ಜೊತೆಗೆ ಮುಖ ದುಂಡಗಾಗುವುದು, ಸಣ್ಣ ತಾಗುವಿಕೆಗೂ ಚರ್ಮ ಕಂದುಗಟ್ಟುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಕುಳಿತಲ್ಲಿಂದ ಏಳಲು ತೊಡೆಗಳಲ್ಲಿ ಬಲವಿಲ್ಲದಿರುವುದು ಅದರ ಚಿಹ್ನೆಗಳು. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಲ್ಲಿ ಹಾರ್ಮೋನಿನ ಜೊತೆಗೆ ಮೊಡವೆ, ಮುಖದ ಕೂದಲು, ತೂಕ, ಮಕ್ಕಳಾಗುವ ಬಗೆಗಿನ ಚಿಂತೆ ಇವೂ ಮನಸ್ಸಿನ ಮೇಲೆ ಭಾರ ಹಾಕುತ್ತವೆ. ಪಿಸಿಒಎಸ್ ಇರುವ ಎಲ್ಲ ವಯಸ್ಕರಲ್ಲೂ ಖಿನ್ನತೆ ಮತ್ತು ಆತಂಕ ಇದೆಯೇ ಎಂದು ವೈದ್ಯರೇ ಕೇಳಿ ನೋಡಬೇಕೆಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅವರು ಕೇಳದಿದ್ದರೆ ನೀವೇ ಆ ವಿಷಯವನ್ನು ಎತ್ತುವುದು ಸರಿಯಾದ ಕ್ರಮ.

ಸಕ್ಕರೆ ಕಾಯಿಲೆಯನ್ನು ಹಾರ್ಮೋನ್ ತೊಂದರೆಯೆಂದು ಹೆಚ್ಚಿನವರು ಎಣಿಸುವುದಿಲ್ಲ. ಆದರೆ ಇನ್ಸುಲಿನ್ ಕೂಡ ಹಾರ್ಮೋನೇ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ದಿಢೀರನೆ ಸಿಟ್ಟು, ನಡುಕ, ಬೆವರು, ಗಾಬರಿ ಬಂದರೆ ಅದನ್ನು ಸ್ವಭಾವ ಎನ್ನುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15 ಗ್ರಾಂನಷ್ಟು ಬೇಗ ಕರಗುವ ಸಕ್ಕರೆ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸುವುದು ವಾಡಿಕೆಯ ನಿಯಮ.

ಹೆಜ್ಜೆ 2: ದಿನಕ್ಕೆ ಎರಡು ನಿಮಿಷ, ಎರಡು ತಿಂಗಳು

ಒಂದು ಸಾದಾ ನೋಟ್‌ಬುಕ್ ಸಾಕು. ಪ್ರತಿ ರಾತ್ರಿ ಮಲಗುವ ಮೊದಲು ದಿನಾಂಕ, ಮುಟ್ಟಿನ ಎಷ್ಟನೆಯ ದಿನ (ಅನ್ವಯಿಸಿದರೆ), ಹಿಂದಿನ ರಾತ್ರಿಯ ನಿದ್ರೆ, ಮನಸ್ಸಿಗೆ 0ಯಿಂದ 10ರೊಳಗೆ ಒಂದು ಅಂಕ, ದೇಹದ ಒಂದೆರಡು ಲಕ್ಷಣ, ಆ ದಿನ ತೆಗೆದುಕೊಂಡ ಔಷಧ ಇಷ್ಟನ್ನು ಬರೆಯಬೇಕು. ಅದು ಹೀಗೆ ಕಾಣುತ್ತದೆ:

12ನೇ ತಾರೀಕು, 9ನೇ ದಿನ. ನಿದ್ರೆ 7 ಗಂಟೆ. ಮನಸ್ಸು 7. ವಿಶೇಷವಿಲ್ಲ.
26ನೇ ತಾರೀಕು, 23ನೇ ದಿನ. ನಿದ್ರೆ 5 ಗಂಟೆ. ಮನಸ್ಸು 3. ಎದೆ ಬಿಗಿತ. ಕಾರಣವಿಲ್ಲದೆ ಮಗನ ಮೇಲೆ ರೇಗಿದೆ.
28ನೇ ತಾರೀಕು, 25ನೇ ದಿನ. ನಿದ್ರೆ 4 ಗಂಟೆ. ಮನಸ್ಸು 2. ಕೆಲಸಕ್ಕೆ ಹೋಗಲಿಲ್ಲ.
3ನೇ ತಾರೀಕು, ಮುಟ್ಟಿನ 2ನೇ ದಿನ. ನಿದ್ರೆ 7 ಗಂಟೆ. ಮನಸ್ಸು 6. ಹಗುರ.

ಇಂಥ ಪುಟವನ್ನು ಓದಲು ತಜ್ಞರೇ ಆಗಬೇಕಿಲ್ಲ. ಮುಟ್ಟಿಗೆ ಮುಂಚಿನ ವಾರದಲ್ಲಿ ಮನಸ್ಸು ಕುಸಿದು, ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ತಿಳಿಯಾಗುವ ಈ ಮಾದರಿ ಪಿಎಂಡಿಡಿ ಎಂಬ, ಮುಟ್ಟಿಗೆ ಮುಂಚೆ ಮನಸ್ಸು ತೀವ್ರವಾಗಿ ಕುಸಿಯುವ ತೊಂದರೆಯ ಗುರುತು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ರೋಗವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಕನಿಷ್ಠ ಎರಡು ಮುಟ್ಟಿನ ಚಕ್ರಗಳಷ್ಟು ಕಾಲ ದಿನದಿನವೂ ಬರೆದ ದಾಖಲೆಯಿಂದಲೇ ಇದನ್ನು ಖಚಿತಪಡಿಸಿಕೊಳ್ಳಬೇಕು, ನೆನಪಿನಿಂದಲ್ಲ. ಏಕೆಂದರೆ ಮನಸ್ಸು ಕುಗ್ಗಿರುವಾಗ ತಿಂಗಳಿಡೀ ಹೀಗೇ ಇತ್ತು ಅನ್ನಿಸುತ್ತದೆ, ಚೆನ್ನಾಗಿರುವಾಗ ಏನೂ ಆಗಿರಲಿಲ್ಲ ಅನ್ನಿಸುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಒತ್ತಿ ಹೇಳಬೇಕು: ಪಿಎಂಡಿಡಿ ಇರುವವರ ರಕ್ತದಲ್ಲಿ ಹಾರ್ಮೋನ್ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ. ಎಲ್ಲರಲ್ಲೂ ಆಗುವ ಏರಿಳಿತಕ್ಕೆ ಅವರ ಮಿದುಳು ಹೆಚ್ಚು ಸ್ಪಂದಿಸುತ್ತದೆ, ಅಷ್ಟೇ. ಹಾಗಾಗಿ ವರದಿ ನಾರ್ಮಲ್ ಬಂತೆಂದು ಅವರ ನೋವನ್ನು ಅಲ್ಲಗಳೆಯುವುದು ತಪ್ಪು.

ತಿಂಗಳಿಡೀ ಅಂಕ ಕೆಳಗೇ ಇದ್ದು, ಮುಟ್ಟಿನ ಮುಂಚೆ ಇನ್ನಷ್ಟು ಇಳಿದರೆ ಅದು ಪಿಎಂಡಿಡಿಯಲ್ಲ. ಆಗಲೇ ಇರುವ ಖಿನ್ನತೆ ಆ ದಿನಗಳಲ್ಲಿ ಉಲ್ಬಣಿಸುತ್ತಿರಬಹುದು. ಎರಡಕ್ಕೂ ಚಿಕಿತ್ಸೆಯ ಯೋಜನೆ ಬೇರೆ. ಪಿಎಂಡಿಡಿಗೆ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಮಾತ್ರೆಗಳನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವುದೂ ಸಾಧ್ಯ; ತಿಂಗಳಿಡೀ ಇರುವ ಖಿನ್ನತೆಗೆ ಅದು ಸಾಲದು.

ಮುಟ್ಟಾಗದವರಿಗೂ, ಗಂಡಸರಿಗೂ ಈ ಪುಸ್ತಕ ಬೇಕು. ಅವರು ಮುಖ್ಯವಾಗಿ ಬರೆಯಬೇಕಾದದ್ದು ಔಷಧಗಳ ದಿನಾಂಕ. ಆಸ್ತಮಾ, ಸಂಧಿವಾತ, ಚರ್ಮರೋಗಗಳಿಗೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ನಿದ್ರೆಗೆಡಿಸಿ, ಅತಿ ಉತ್ಸಾಹವನ್ನೋ ಸಿಡುಕನ್ನೋ ತರಬಲ್ಲವು, ಮತ್ತು ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. 1972ರಲ್ಲಿ ಪ್ರಕಟವಾದ ಬೋಸ್ಟನ್ ಅಧ್ಯಯನದಲ್ಲಿ ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ. 1.3ರಷ್ಟು ಮಂದಿಗೆ ಮಾನಸಿಕ ಲಕ್ಷಣಗಳು ಕಂಡಿದ್ದರೆ, 80 ಮಿಲಿಗ್ರಾಂಗಿಂತ ಹೆಚ್ಚು ಪಡೆದವರಲ್ಲಿ ಅದು ಶೇ. 18.4 ಆಗಿತ್ತು. ಇದನ್ನು ಓದಿ ಯಾರೂ ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸಬಾರದು; ದಿಢೀರ್ ನಿಲುಗಡೆ ಜೀವಕ್ಕೇ ಕುತ್ತು ತರಬಲ್ಲದು. ಬರೆದುಕೊಂಡ ದಿನಾಂಕಗಳೊಂದಿಗೆ ವೈದ್ಯರ ಬಳಿ ಹೋದರೆ ಅವರು ಹಂತಹಂತವಾಗಿ ಇಳಿಸುತ್ತಾರೆ.

ಹೆಜ್ಜೆ 3: ಮನಸ್ಸನ್ನೂ ಅಳೆಯಿರಿ

ರಕ್ತಕ್ಕೆ ಅಳತೆಯಿರುವಂತೆ ಖಿನ್ನತೆಗೂ ಒಂದು ಸರಳ ಅಳತೆಯಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ. ಒಟ್ಟು ಅಂಕ 0ಯಿಂದ 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರೊಂದಿಗೆ ಮಾತಾಡಲೇಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಗಳ ಬಗೆಗಿನದು. ಅದಕ್ಕೆ ಸೊನ್ನೆಯಲ್ಲದೆ ಬೇರೇನೇ ಉತ್ತರ ಬಂದರೂ ಒಟ್ಟು ಅಂಕ ಎಷ್ಟೆಂದು ನೋಡದೆ ಅಂದೇ ನೆರವು ಪಡೆಯಬೇಕು. ಬಾಣಂತಿಯರಿಗೆ 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಮಾಪಕ ಹೆಚ್ಚು ಸೂಕ್ತ, ಏಕೆಂದರೆ ಹಸುಗೂಸಿರುವ ಮನೆಯಲ್ಲಿ ಸಹಜವಾಗಿಯೇ ಕಾಡುವ ಸುಸ್ತಿನಂಥ ದೇಹದ ಲಕ್ಷಣಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಅಂಕಗಳಿಂದ ಕಾರಣ ತಿಳಿಯುವುದಿಲ್ಲ, ತೀವ್ರತೆ ಮಾತ್ರ ತಿಳಿಯುತ್ತದೆ. ಚಿಕಿತ್ಸೆಗೆ ಮುಂಚೆ ಒಮ್ಮೆ ಬರೆದಿಟ್ಟರೆ ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ.

ಹೆಜ್ಜೆ 4: ಪರೀಕ್ಷೆ ಮಾಡಿಸುವ ಹೊತ್ತು ಮತ್ತು ಸಿದ್ಧತೆ

ಮೊದಲ ಸುತ್ತಿನಲ್ಲಿ ದೊಡ್ಡ ಪ್ಯಾಕೇಜ್ ಬೇಕಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಕೆಲಸವನ್ನು ತಿಳಿಸುವ ಪರೀಕ್ಷೆ; ಥೈರಾಯ್ಡ್ ಕಡಿಮೆಯಾದರೆ ಈ ಅಂಕಿ ಏರುತ್ತದೆ), ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಬಿ12, ಕ್ಯಾಲ್ಸಿಯಂ ಇಷ್ಟರಿಂದ ಬಹುಮಟ್ಟಿನ ಚಿತ್ರ ಸಿಗುತ್ತದೆ. ಕ್ಯಾಲ್ಸಿಯಂ ಪರೀಕ್ಷೆ ಬಿಟ್ಟುಹೋಗುವುದೇ ಹೆಚ್ಚು; ಕತ್ತಿನಲ್ಲಿ ಥೈರಾಯ್ಡ್ ಪಕ್ಕದಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಕ್ಯಾಲ್ಸಿಯಂ ಏರಿದಾಗಲೂ ಬೇಸರ, ಮರೆವು, ಸುಸ್ತು ಬರುತ್ತವೆ. ಉಳಿದ ಹಾರ್ಮೋನ್ ಪರೀಕ್ಷೆಗಳನ್ನು ಲಕ್ಷಣ ನೋಡಿ ವೈದ್ಯರು ಬರೆಯಬೇಕು. ನಲವತ್ತೈದು ದಾಟಿದ ಮಹಿಳೆಯರಿಗೆ ಮುಟ್ಟು ಏರುಪೇರಾಗಿ, ಮೈ ಬಿಸಿಯೇರಿ ಬೆವರುವುದು ಶುರುವಾಗಿದ್ದರೆ ಅಷ್ಟರಿಂದಲೇ ಋತುಬಂಧದ ಹಾದಿಯೆಂದು ತಿಳಿಯಬಹುದು. ಆ ಕಾಲದಲ್ಲಿ ಹಾರ್ಮೋನ್ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದು ದಿನದ ರಕ್ತಪರೀಕ್ಷೆ ಹೆಚ್ಚೇನೂ ಹೇಳುವುದಿಲ್ಲ.

ಪರೀಕ್ಷೆಯ ಹೊತ್ತು ತಪ್ಪಿದರೆ ವರದಿಯೂ ದಾರಿತಪ್ಪಿಸುತ್ತದೆ. ಕಾರ್ಟಿಸಾಲ್ ಬೆಳಗ್ಗೆ ಅತಿ ಹೆಚ್ಚಿದ್ದು ನಡುರಾತ್ರಿಯ ಹೊತ್ತಿಗೆ ತಳಕ್ಕಿಳಿಯುತ್ತದೆ, ಆದ್ದರಿಂದ ಮಧ್ಯಾಹ್ನ ಹೋದಾಗ ಸುಮ್ಮನೆ ತೆಗೆಸಿದ ಒಂದು ಅಂಕಿಯಿಂದ ಪ್ರಯೋಜನ ಕಡಿಮೆ. ಗಂಡಸರ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟಿರಾನ್ ಅನ್ನು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ನೋಡಿಯೇ ಕಡಿಮೆಯೆಂದು ತೀರ್ಮಾನಿಸಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು. ಅದು ಕೆಲವು ಪರೀಕ್ಷಾ ವಿಧಾನಗಳಲ್ಲಿ ಇಲ್ಲದ ಹೈಪರ್‌ಥೈರಾಯ್ಡನ್ನು ಇದೆಯೆಂದು ತೋರಿಸಬಲ್ಲದು.

‘ಅಡ್ರಿನಲ್ ಫಟೀಗ್’ (ಅಡ್ರಿನಲ್ ಗ್ರಂಥಿ ದಣಿದಿದೆ) ಎಂಬ ಹೆಸರಿನಲ್ಲಿ ಜೊಲ್ಲಿನ ಪರೀಕ್ಷೆ ಹಾಗೂ ಪುಡಿಗಳನ್ನು ಮಾರುವವರಿದ್ದಾರೆ. ಅಂತಃಸ್ರಾವ (ಹಾರ್ಮೋನ್) ತಜ್ಞರ ಸಂಘಟನೆಗಳು ಇಂಥದೊಂದು ರೋಗವನ್ನು ಒಪ್ಪುವುದಿಲ್ಲ. ನಿಜವಾದ ಅಡ್ರಿನಲ್ ಕೊರತೆ, 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ್ದು, ಬೇರೆಯೇ. ಅದರಲ್ಲಿ ತೂಕ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಚರ್ಮ ಕಪ್ಪಾಗುತ್ತದೆ.

ಹೆಜ್ಜೆ 5: ಅಂಕಿಯನ್ನು ಅಳತೆ ಮೀರಿ ನಂಬಬೇಡಿ

ಟಿಎಸ್‌ಎಚ್ ಸಾಮಾನ್ಯ ಮಿತಿ ಸುಮಾರು 0.4ರಿಂದ 4ರವರೆಗೆ ಎನ್ನಲಾಗುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಚೂರುಪಾರು ವ್ಯತ್ಯಾಸವಿರುತ್ತದೆ. 40 ಇದ್ದವರ ಮಂಕುತನಕ್ಕೆ ಥೈರಾಯ್ಡನ್ನು ಹೊಣೆ ಮಾಡುವುದು ನ್ಯಾಯ. 5.5 ಇದ್ದು, ಥೈರಾಯ್ಡ್ ಸ್ರವಿಸುವ ಟಿ4 ಹಾರ್ಮೋನ್ ಸರಿಯಾಗಿರುವವರ ತೀವ್ರ ಖಿನ್ನತೆಗೆ ಅದನ್ನೇ ಕಾರಣವೆಂದುಕೊಂಡು ಕೂರುವುದು ಸರಿಯಲ್ಲ. ಇಂಥ ಗಡಿಯಲ್ಲಿರುವ 65 ದಾಟಿದವರಿಗೆ ಮಾತ್ರೆ ಕೊಟ್ಟು ನೋಡಿದ 2017ರ ಟ್ರಸ್ಟ್ ಅಧ್ಯಯನದಲ್ಲಿ ಸುಸ್ತಿನಲ್ಲಾಗಲಿ ಥೈರಾಯ್ಡ್ ಲಕ್ಷಣಗಳಲ್ಲಾಗಲಿ ಗಮನಾರ್ಹ ಲಾಭ ಕಾಣಲಿಲ್ಲ. ಗರ್ಭಿಣಿಯರ ಲೆಕ್ಕ ಬೇರೆ. ಅವರಲ್ಲಿ ಸಣ್ಣ ಏರುಪೇರನ್ನೂ ವೈದ್ಯರು ಗಂಭೀರವಾಗಿ ನೋಡುತ್ತಾರೆ.

ಕಾರಣ ಮತ್ತು ಪರಿಣಾಮ ಎರಡೂ ದಿಕ್ಕಿನಲ್ಲಿ ಸಾಗುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ತೀವ್ರ ಒತ್ತಡ, ಅತಿಯಾದ ಡಯಟ್ ಇವುಗಳಿಂದ ಮುಟ್ಟೇ ನಿಂತುಹೋಗಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಥೈರಾಯ್ಡನ್ನು ಕುಗ್ಗಿಸಬಲ್ಲದು, ಅದಕ್ಕೆಂದೇ ಆಗಾಗ ಟಿಎಸ್‌ಎಚ್ ನೋಡುತ್ತಿರಬೇಕು. ಮಾನಸಿಕ ರೋಗಗಳಿಗೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧಗಳು ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಅನ್ನು ಏರಿಸಿ ಮುಟ್ಟು ತಪ್ಪಿಸಬಹುದು, ಎದೆಹಾಲು ಬರಿಸಬಹುದು, ಲೈಂಗಿಕ ಆಸಕ್ತಿ ಕುಗ್ಗಿಸಬಹುದು. ಮನೋವೈದ್ಯರ ಮುಂದೆ ಈ ವಿಷಯಗಳನ್ನು ಹೇಳಲು ಸಂಕೋಚಪಟ್ಟು ಔಷಧವನ್ನೇ ಗುಟ್ಟಾಗಿ ಬಿಟ್ಟುಬಿಡುವವರು ಬಹಳ. ಹೇಳಿದರೆ ಬದಲಿ ಔಷಧವಿದೆ.

ಹೆಜ್ಜೆ 6: ವೈದ್ಯರ ಮುಂದೆ ಮೊದಲ ಎರಡು ನಿಮಿಷ

ಒಪಿಡಿಯಲ್ಲಿ ಸಿಗುವ ಸಮಯ ಕಡಿಮೆ. ‘ಏನೋ ಚೆನ್ನಾಗಿಲ್ಲ ಡಾಕ್ಟ್ರೇ’ ಎಂದು ಶುರುಮಾಡಿದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ಅದರ ಬದಲು ಹೀಗೆ ಹೇಳಬಹುದು: ‘ಡಾಕ್ಟ್ರೇ, ಹೆರಿಗೆಯಾಗಿ ಐದು ತಿಂಗಳಾಯಿತು. ಎರಡನೇ ತಿಂಗಳಲ್ಲಿ ಎದೆಬಡಿತ, ಗಾಬರಿ ಇತ್ತು, ತಾನಾಗಿ ಹೋಯಿತು. ಈಗ ಒಂದು ತಿಂಗಳಿಂದ ಚಳಿ, ಸುಸ್ತು, ಅಳು. ಮಗುವಿನ ಮೇಲೂ ಆಸೆ ಬರುತ್ತಿಲ್ಲ. ದಿನಾಂಕ ಬರೆದಿದ್ದೇನೆ, ನೋಡಿ.’ ಇಷ್ಟು ಕೇಳಿದ ವೈದ್ಯರಿಗೆ ಹೆರಿಗೆಯ ನಂತರದ ಥೈರಾಯ್ಡೈಟಿಸ್ (ಥೈರಾಯ್ಡ್ ಉರಿಯೂತ) ನೆನಪಾಗದಿರದು. ಅದರಲ್ಲಿ ಗ್ರಂಥಿ ಮೊದಲ ತಿಂಗಳುಗಳಲ್ಲಿ ಹಾರ್ಮೋನನ್ನು ಸೋರಿಸಿ, ಆಮೇಲೆ ಸೊರಗುತ್ತದೆ. ಬಾಣಂತಿ ಖಿನ್ನತೆಯೂ ಇದೇ ಕಾಲದಲ್ಲಿ ಬರುವುದರಿಂದ, ಒಂದನ್ನು ಕಂಡ ಮಾತ್ರಕ್ಕೆ ಇನ್ನೊಂದು ಇಲ್ಲವೆನ್ನಲಾಗದು. ಹೆರಿಗೆಯಾದ ಮೊದಲ ದಿನಗಳ ಅಳು ಎರಡು ವಾರದೊಳಗೆ ತಾನೇ ಶಮನವಾಗಬೇಕು. ಆಗದಿದ್ದರೆ ಕಾಯುವುದು ಬೇಡ.

ನಿಮಗೆ ಥೈರಾಯ್ಡ್ ತಜ್ಞರೂ ಮನೋವೈದ್ಯರೂ ಬೇರೆ ಬೇರೆ ಇದ್ದರೆ ಇಬ್ಬರ ಔಷಧ ಚೀಟಿಯೂ ಒಂದೇ ಫೈಲಿನಲ್ಲಿರಲಿ. ಇಬ್ಬರೂ ಪರಸ್ಪರ ಮಾತಾಡಿಕೊಂಡಿರುತ್ತಾರೆ ಎಂದು ಭಾವಿಸಬೇಡಿ.

ಹೆಜ್ಜೆ 7: ಮಾತ್ರೆ ಶುರುವಾದ ಮೇಲೆ ಕಾಯುವ ಕಾಲ

ಬಹಳ ಮಂದಿ ನಿರಾಶರಾಗುವುದು ಈ ಹಂತದಲ್ಲಿ. ಥೈರಾಯ್ಡ್ ಕೊರತೆಗೆ ಕೊಡುವ ಲೆವೋಥೈರಾಕ್ಸಿನ್ ಮಾತ್ರೆಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯುವ ಕಾಲ, ಸುಮಾರು ಏಳು ದಿನ. ಅದು ರಕ್ತದಲ್ಲಿ ಸ್ಥಿರಮಟ್ಟಕ್ಕೆ ಬರಲು ವಾರಗಳೇ ಬೇಕು. ಆದ್ದರಿಂದಲೇ ಡೋಸ್ ಶುರುಮಾಡಿದ ಅಥವಾ ಬದಲಿಸಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮರುಪರೀಕ್ಷೆ ಮಾಡುತ್ತಾರೆ. ಹತ್ತನೇ ದಿನಕ್ಕೆ ‘ಏನೂ ಗುಣ ಕಾಣಲಿಲ್ಲ’ ಎಂದು ಬಿಡುವುದು, ಬೇಗ ಗುಣವಾಗಲೆಂದು ತಾವೇ ಎರಡು ನುಂಗುವುದು ಎರಡೂ ಅಪಾಯ. ಡೋಸ್ ಅತಿಯಾದರೆ ಬೇಸರ ಹೋಗಿ ಆತಂಕ ಬಂದು ಕೂರುತ್ತದೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ತಿಂಡಿಗೆ ಅರ್ಧದಿಂದ ಒಂದು ಗಂಟೆ ಅಂತರ ಕೊಡಬೇಕು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಇದನ್ನು ಪಾಲಿಸದ ಕಾರಣಕ್ಕೇ ಟಿಎಸ್‌ಎಚ್ ಇಳಿಯದೆ, ಡೋಸ್ ಸುಮ್ಮನೆ ಏರುತ್ತ ಹೋಗುವುದುಂಟು.

ಹೈಪರ್‌ಥೈರಾಯ್ಡ್ ಇದ್ದವರಿಗೆ ಪ್ರೊಪ್ರನೊಲಾಲ್‌ನಂಥ ಔಷಧದಿಂದ ನಡುಕ, ಎದೆಬಡಿತ ಬೇಗನೆ ತಗ್ಗುತ್ತವೆ. ಹಾರ್ಮೋನ್ ಇಳಿಯಲು ಮಾತ್ರ ವಾರಗಳು ಹಿಡಿಯುತ್ತವೆ. ಆಸ್ತಮಾ ಇರುವವರು ಅದನ್ನು ಮೊದಲೇ ತಿಳಿಸಬೇಕು, ಅವರಿಗೆ ಈ ಔಷಧ ಸಾಮಾನ್ಯವಾಗಿ ಸಲ್ಲದು. ಕುಶಿಂಗ್ ಕಾಯಿಲೆಯಲ್ಲಿ ಅದಕ್ಕೆ ಕಾರಣವಾದ ಗಡ್ಡೆ ತೆಗೆದು ಕಾರ್ಟಿಸಾಲ್ ಸರಿಹೋದ ಮೇಲೂ ಮನಸ್ಸು ಹಳೆಯ ಸ್ಥಿತಿಗೆ ಬರಲು ಹಲವು ತಿಂಗಳು ಬೇಕಾಗುತ್ತದೆ. ಕಾಯಿಲೆ ವಾಸಿಯಾಯಿತಲ್ಲ, ಇನ್ನೂ ಯಾಕೆ ಹೀಗಿದ್ದೀಯಾ ಎಂದು ಮನೆಯವರು ಕೇಳುವುದು ಈ ಕಾಲದಲ್ಲಿಯೇ; ಅಪಾಯಿಂಟ್‌ಮೆಂಟ್‌ಗೆ ಅವರನ್ನೂ ಒಮ್ಮೆ ಕರೆದೊಯ್ದು ವೈದ್ಯರ ಬಾಯಿಂದಲೇ ಇದನ್ನು ಕೇಳಿಸುವುದು ಉತ್ತಮ.

ಹೆಜ್ಜೆ 8: ಮನಸ್ಸಿನ ಚಿಕಿತ್ಸೆ ಸರದಿಯಲ್ಲಿ ನಿಲ್ಲಬೇಕಿಲ್ಲ

ಮೊದಲು ಹಾರ್ಮೋನ್ ಸರಿಹೋಗಲಿ, ಆಮೇಲೆ ಮನಸ್ಸಿನದು ನೋಡೋಣ ಎಂಬ ಸಲಹೆ ಸೌಮ್ಯ ಲಕ್ಷಣಗಳಿಗೆ ಸರಿಯಿರಬಹುದು. ಪಿಎಚ್‌ಕ್ಯೂ ಅಂಕ 15 ದಾಟಿದ್ದರೆ, ಕೆಲಸ ನಿಂತಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ ಎರಡನ್ನೂ ಒಟ್ಟಿಗೆ ಶುರುಮಾಡಬೇಕು. ಅರಿವಿನ ವರ್ತನಾ ಚಿಕಿತ್ಸೆಯಂಥ ಮಾತಿನ ಚಿಕಿತ್ಸೆಗೂ ಥೈರಾಯ್ಡ್ ಮಾತ್ರೆಗೂ ಯಾವ ವಿರೋಧವೂ ಇಲ್ಲ. ಖಿನ್ನತೆಯ ಮಾತ್ರೆಗಳನ್ನೂ ವೈದ್ಯರು ಹೊಂದಿಸಿ ಕೊಡಬಲ್ಲರು. ನಿಯತ ಹೊತ್ತಿಗೆ ಮಲಗಿ ಏಳುವುದು ಮತ್ತು ದಿನವೂ ಕೈಲಾದಷ್ಟು ನಡಿಗೆ ಎರಡು ಕಡೆಗೂ ಸಲ್ಲುವ ಅಭ್ಯಾಸಗಳು. ಆದರೆ ಟಿಎಸ್‌ಎಚ್ 40 ಇರುವವರಿಗೆ ‘ಬೆಳಗ್ಗೆ ಬೇಗ ಎದ್ದು ಓಡು’ ಎಂದು ಹೇಳುವುದು ಕ್ರೌರ್ಯವೇ ಸರಿ.

ಮೂರು ತಿಂಗಳು ಹಾರ್ಮೋನ್ ಮಿತಿಯಲ್ಲಿಯೇ ಇದ್ದು, ಮನಸ್ಸಿನ ಅಂಕ ಮೊದಲಿನಷ್ಟೇ ಇದ್ದರೆ ಖಿನ್ನತೆಯನ್ನು ಸ್ವತಂತ್ರ ಕಾಯಿಲೆಯೆಂದೇ ಎಣಿಸಿ ಚಿಕಿತ್ಸೆ ಪಡೆಯಬೇಕು. ಅದರ ಜೊತೆಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ರಕ್ತಹೀನತೆ, ಮದ್ಯ, ತೆಗೆದುಕೊಳ್ಳುತ್ತಿರುವ ಬೇರೆ ಔಷಧಗಳು ಇವನ್ನೂ ಇನ್ನೊಮ್ಮೆ ಪರಿಶೀಲಿಸಲು ಕೇಳಿ.

ಎಲ್ಲವೂ ಹತೋಟಿಗೆ ಬಂದ ಮೇಲೆ ದಿನಾ ಬರೆಯುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆ ಟಿಎಸ್‌ಎಚ್ ಮಾಡಿಸುವ ದಿನವೇ ಪಿಎಚ್‌ಕ್ಯೂ-9 ಕೂಡ ತುಂಬಿಟ್ಟರೆ ಸಾಕು. ಗರ್ಭ ನಿಂತಾಗ, ಹೆರಿಗೆಯಾದಾಗ, ಮುಟ್ಟು ಏರುಪೇರಾಗತೊಡಗಿದಾಗ, ಗರ್ಭನಿರೋಧಕ ಮಾತ್ರೆ, ಸ್ಟೀರಾಯ್ಡ್, ಲಿಥಿಯಂ ಅಥವಾ ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಶುರುವಾದಾಗ ಮಾತ್ರ ನೋಟ್‌ಬುಕ್ಕನ್ನು ಮತ್ತೆ ತೆರೆದು, ಆ ದಿನದ ತಾರೀಕಿನಿಂದ ಬರೆಯಲು ಆರಂಭಿಸಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಗರ್ಭ ನಿಂತದ್ದು ತಿಳಿದರೆ ಮೊದಲ ತಪಾಸಣೆಯ ದಿನದವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಸಾಮಾನ್ಯವಾಗಿ ಆರಂಭದ ವಾರಗಳಲ್ಲಿಯೇ ಡೋಸ್ ಹೆಚ್ಚಿಸಬೇಕಾಗುತ್ತದೆ.